ರಿಸೆಟ್ ಒತ್ತುವ ಮೊದಲು ಲಾಗ್ ಓದು

ತಮ್ಮಾ, ಬಿಡುವಿನ ಹೊತ್ತಿನಲ್ಲಿ ವಿಜ್ಞಾನದ ಪ್ರಾಜೆಕ್ಟುಗಳಿಗೆ ಲೆಕ್ಕ ಮಾಡಿಕೊಡುವ ನಿನ್ನ ಬೋಯಿಂಕ್ ತಂತ್ರಾಂಶ ಸರ್ವರ್ ಕಡೆ ತಲೆಯೇ ಹಾಕುತ್ತಿಲ್ಲ ಅಂದೆಯಲ್ಲ, ಒಂದು ಕೆಲಸ ಮಾತ್ರ ಮಾಡಬೇಡ. ಪ್ರಾಜೆಕ್ಟನ್ನು ರಿಸೆಟ್ ಮಾಡಬೇಡ, ತೆಗೆದು ಮತ್ತೆ ಸೇರಿಸಲೂ ಹೋಗಬೇಡ. ಲೆಕ್ಕ ಮುಗಿಸಿ ಕಳುಹಿಸಲು ಕಾಯುತ್ತಿರುವ ಕೆಲಸ, ಅರ್ಧಕ್ಕೆ ಬಂದಿರುವ ಕೆಲಸ ಎಲ್ಲವೂ ಅಳಿಸಿಹೋಗುತ್ತವೆ. ಉಳಿಯುವುದು ಕರೆಂಟ್ ಬಿಲ್ ಮಾತ್ರ.

ಕಂಟ್ರೋಲ್, ಶಿಫ್ಟ್, ಇ ಒಟ್ಟಿಗೆ ಒತ್ತು; ಇವೆಂಟ್ ಲಾಗ್ ತೆರೆಯುತ್ತದೆ. ಸರ್ವರ್ ಸಿಗದಿದ್ದಾಗ ಬೋಯಿಂಕ್ ಬೇರೊಂದು ಹೆಸರಾಂತ ತಾಣವನ್ನು ಮುಟ್ಟಿ ನೋಡುತ್ತದೆ. ಅದು ಸಿಕ್ಕಿತೆಂದರೆ, ಇಂಟರ್ನೆಟ್ ಸರಿಯಿದೆ, ಪ್ರಾಜೆಕ್ಟಿನ ಸರ್ವರೇ ಕೆಟ್ಟಿರಬಹುದು ಎಂದು ಬರೆಯುತ್ತದೆ. ಆಗ ನೀನು ಕೈಕಟ್ಟಿ ಕೂರಬಹುದು. ಅದೂ ಸಿಗದಿದ್ದರೆ ನಿನ್ನ ರೂಟರ್, ಪ್ರಾಕ್ಸಿ, ಫೈರ್‌ವಾಲ್ ನೋಡು.

‘ಕಮ್ಯುನಿಕೇಶನ್ ಡಿಫರ್ಡ್’ ಎಂದು ಗಡಿಯಾರ ಹಿಂದಕ್ಕೆ ಓಡುತ್ತಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡ. ಬೇಕೆಂದೇ ಕಾಯುತ್ತಿದೆ. ಪ್ರತಿ ಸಲ ಸೋತಾಗಲೂ ಕಾಯುವ ಹೊತ್ತನ್ನು ಹೆಚ್ಚಿಸಿಕೊಳ್ಳುತ್ತದೆ, ಅದರಲ್ಲೂ ಸ್ವಲ್ಪ ಏರುಪೇರು ಇಟ್ಟುಕೊಳ್ಳುತ್ತದೆ. ಸಂತರ್ಪಣೆಯ ಬಾಗಿಲು ತೆರೆದ ಕೂಡಲೇ ಊರೆಲ್ಲ ನುಗ್ಗಿದರೆ ಬಡಿಸುವವರ ಗತಿ ಏನು? ಎದ್ದ ಸರ್ವರ್ ಮತ್ತೆ ಬೀಳಬಾರದು ಎಂದೇ ಈ ಏರ್ಪಾಡು. ಅನ್ಯಲೋಕದ ಜೀವಿಗಳ ಸುಳಿವು ಹುಡುಕುತ್ತಿದ್ದ ಸೆಟಿ ಅಟ್ ಹೋಮ್ ಪ್ರಾಜೆಕ್ಟ್ ನಡೆಯುತ್ತಿದ್ದ ಕಾಲದಲ್ಲಿ ಪ್ರತಿ ಮಂಗಳವಾರ ಡೇಟಾಬೇಸ್ ಕೆಲಸಕ್ಕೆಂದು ಸರ್ವರ್ ಮುಚ್ಚುತ್ತಿದ್ದರು. ಹಳಬರು ಯಾರೂ ಗಾಬರಿಯಾಗುತ್ತಿರಲಿಲ್ಲ. ‘ಅಪ್‌ಡೇಟ್’ ಗುಂಡಿಯನ್ನು ಒಮ್ಮೆ ಒತ್ತು, ತಪ್ಪಿಲ್ಲ. ಪದೇಪದೇ ಕುಟ್ಟಬೇಡ.

ನಿನ್ನ ಕಡೆಯ ಸಣ್ಣಪುಟ್ಟದ್ದನ್ನೂ ನೋಡಿಕೋ. ನೆಟ್‌ವರ್ಕ್ ಆಕ್ಟಿವಿಟಿ ಸಸ್ಪೆಂಡ್ ಆಗಿದೆಯೇ? ರಾತ್ರಿ ಮಾತ್ರ ನೆಟ್ ಬಳಸು ಎಂದು ನೀನೇ ಹಾಕಿ ಮರೆತಿದ್ದೀಯಾ? ಹೊಸ ಕೆಲಸ ಬೇಡ ಎಂದು ಒತ್ತಿದ್ದೀಯಾ? ಕೈಯಲ್ಲಿ ಸಾಕಷ್ಟು ಕೆಲಸ ಇದ್ದಾಗಲೂ ಬೋಯಿಂಕ್ ಹೊಸ ಕೆಲಸ ಕೇಳಲು ಸರ್ವರನ್ನು ಕರೆಯುವುದಿಲ್ಲ. ಅದನ್ನು ರೋಗ ಅನ್ನಬೇಡ.

ಲಾಗಿನಲ್ಲಿ ‘ಸರ್ಟಿಫಿಕೇಟ್’ ಎಂಬ ಪದ ಕಂಡರೆ ಮೊದಲು ಕಂಪ್ಯೂಟರಿನ ತಾರೀಖು ನೋಡು. ಹಳೇ ಲ್ಯಾಪ್‌ಟಾಪಿನ ಒಳಗಿನ ಪುಟ್ಟ ಬ್ಯಾಟರಿ ಸತ್ತು ಗಡಿಯಾರ ವರ್ಷಗಟ್ಟಲೆ ಹಿಂದೆ ಸರಿದಿದ್ದರೆ, ಸುರಕ್ಷಿತ ಸಂಪರ್ಕವೇ ಕೂಡುವುದಿಲ್ಲ. ತಾರೀಖು ಸರಿಯಿದ್ದರೆ ನಿನ್ನ ಬೋಯಿಂಕೇ ಹಳತಾಗಿರಬಹುದು. 2021ರ ಸೆಪ್ಟೆಂಬರ್ 30ರಂದು, ತಾಣಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಮೂಲ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಮೂಲ ಸರ್ಟಿಫಿಕೇಟುಗಳ ಹಳೆಯ ಪಟ್ಟಿ ಹೊತ್ತಿದ್ದ ಬೋಯಿಂಕ್‌ಗಳಿಗೆ ಕೆಲವು ಸರ್ವರ್‌ಗಳ ಬಾಗಿಲು ಮುಚ್ಚಿತು. ಹೊಸ ಆವೃತ್ತಿಯನ್ನು ಹಳೆಯದರ ಮೇಲೇ ಹಾಕಿಕೋ. ಮಾಡಿದ ಕೆಲಸ ಹಾಗೇ ಇರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಮೌನವೇ ಆದರೆ, ಪ್ರಾಜೆಕ್ಟ್ ಇನ್ನೂ ನಡೆಯುತ್ತಿದೆಯೇ ಎಂದು ವಿಚಾರಿಸು. 1999ರಲ್ಲಿ ಶುರುವಾದ ಸೆಟಿ ಅಟ್ ಹೋಮ್ 2020ರ ಮಾರ್ಚ್ 31ಕ್ಕೆ ಹೊಸ ಕೆಲಸ ಹಂಚುವುದನ್ನೇ ನಿಲ್ಲಿಸಿತು. ವರ್ಲ್ಡ್ ಕಮ್ಯುನಿಟಿ ಗ್ರಿಡ್ ಎಂಬ ಪ್ರಾಜೆಕ್ಟ್ ಐಬಿಎಂ ಕೈಯಿಂದ ಟೊರೊಂಟೊದ ಕ್ರೆಂಬಿಲ್ ಸಂಸ್ಥೆಗೆ ಹೋದ ಮೇಲೆ, 2022ರಲ್ಲಿ ತಿಂಗಳುಗಟ್ಟಲೆ ಬಾಗಿಲು ಹಾಕಿತ್ತು. ಅಂಥ ಹೊತ್ತಿನಲ್ಲಿ ಇನ್ನೊಂದು ಪ್ರಾಜೆಕ್ಟನ್ನು ಜೊತೆಗೆ ಸೇರಿಸಿಕೊಂಡರೆ ಯಂತ್ರ ಸುಮ್ಮನೆ ಕೂರುವುದಿಲ್ಲ. ಗಡುವು ಮೀರಿತಲ್ಲ ಎಂದು ಕೊರಗಬೇಡ. ನೀನು ಕೊಡದಿದ್ದರೆ ಅದೇ ಕೆಲಸ ಇನ್ನೊಬ್ಬರ ಯಂತ್ರಕ್ಕೆ ಹೋಗುತ್ತದೆ.

ಬಗೆಹರಿಯದಿದ್ದರೆ ಲಾಗಿನ ಕೊನೆಯ ಸಾಲುಗಳನ್ನು ಕಾಪಿ ಮಾಡಿ ನನಗೆ ಕಳುಹಿಸು. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದು ಕಳುಹಿಸಬೇಡ ಮಾರಾಯಾ, ನನ್ನ ಕನ್ನಡಕಕ್ಕೆ ಅದು ದಕ್ಕುವುದಿಲ್ಲ.