ತೊಗಲ ಹೊಲಿಗೆಯ ಯಂತ್ರ: ಹೊಸ ಅಭ್ಯಾಸಿಯ ಮೊದಲ ಪಾಠ

ಹೊಲಿಗೆ ಎಂದೊಡನೆ ಬಟ್ಟೆಯೇ ನೆನಪಿಗೆ ಬರುವುದು ಸಹಜ. ಆದರೆ ಕನ್ನಡ ನಾಡಿನ ಒಕ್ಕಲುತನವು ಬಟ್ಟೆಯ ಹೊಲಿಗೆಯನ್ನು ನಂಬಿದಷ್ಟೇ ತೊಗಲ ಹೊಲಿಗೆಯನ್ನೂ ನಂಬಿ ಬಾಳಿತು. ಎತ್ತಿನ ಕೊರಳಪಟ್ಟಿ, ಬಾರುಕೋಲಿನ ಬಾರು, ಬಾವಿಯ ನೀರೆತ್ತುವ ತೊಗಲ ಬಾನಿ, ಕುದುರೆಯ ಜೀನು, ಉಳುವವನ ಕಾಲ್ಮರಿ ಇವೆಲ್ಲವೂ ಉಳಿ ಮತ್ತು ದಾರಗಳಿಂದ ಹುಟ್ಟಿದ ವಸ್ತುಗಳು. ವಿಜಯಪುರದ ಸುತ್ತಣ ಜೈನಾಪುರ, ಬಬಲೇಶ್ವರ, ತಿಕೋಟಾಗಳಂತಹ ಒಕ್ಕಲುತನದ ಊರುಗಳಲ್ಲಿ ಇವು ಇಲ್ಲದೆ ಬಿತ್ತನೆಯೂ ಇಲ್ಲ, ಸುಗ್ಗಿಯೂ ಇಲ್ಲ ಎಂಬಂತಹ ಕಾಲವೊಂದಿತ್ತು. ವಿದ್ಯುತ್ ಪಂಪು ಬಂದು ಬಾನಿಯನ್ನೂ, ಟ್ರ್ಯಾಕ್ಟರು ಬಂದು ಕೊರಳಪಟ್ಟಿಯನ್ನೂ ಮೂಲೆಗೆ ಸೇರಿಸಿದುವು. ಉಳಿದುದು ಮುಖ್ಯವಾಗಿ ಚಪ್ಪಲಿ.

ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾ ಮಾರ್ಗವಾಗಿ ಸಾಗಿದರೆ ದೊರೆಯುವ ಅಥಣಿಯು ಈ ಚಪ್ಪಲಿಗೆ ಹೆಸರಾದ ಊರು. ಕೊಲ್ಲಾಪುರಿ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಿತವಾದ ಈ ಪಾದರಕ್ಷೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ ಮತ್ತು ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದುವು. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಉಡುಪಿನ ಪ್ರದರ್ಶನವೊಂದರಲ್ಲಿ ಇದೇ ಬಗೆಯ ಚಪ್ಪಲಿ ಕಾಣಿಸಿಕೊಂಡು, ಮೂಲವನ್ನು ಹೇಳಲಿಲ್ಲವೆಂಬ ಆಕ್ಷೇಪವೂ ಎದ್ದಿತು. ಈ ಚಪ್ಪಲಿಯ ಹಿರಿಮೆ ಇರುವುದು ಕೈಹೊಲಿಗೆಯಲ್ಲಿ. ಆದರೆ ಚಪ್ಪಲಿಯೊಂದರಿಂದಲೇ ಎಲ್ಲ ಮನೆಗಳ ಹೊಟ್ಟೆ ತುಂಬುವುದಿಲ್ಲ. ಸೊಂಟದ ಪಟ್ಟಿ, ಕೈಚೀಲ, ಪುಸ್ತಕದ ಚೀಲ, ಬೂಟು ಮುಂತಾದ, ಪೇಟೆ ಬೇಡುವ ವಸ್ತುಗಳೆಲ್ಲ ಇಂದು ಬಹುಮಟ್ಟಿಗೆ ಯಂತ್ರದಿಂದ ಹೊಲಿದವು. ಆದುದರಿಂದ ತೊಗಲ ಕೆಲಸದಿಂದ ಜೀವನ ಸಾಗಿಸಬಯಸುವ ತರುಣನಾಗಲಿ ತರುಣಿಯಾಗಲಿ ಈ ಭಾರಿ ಯಂತ್ರದ ಮುಂದೆ ಒಂದಲ್ಲ ಒಂದು ದಿನ ಕುಳಿತುಕೊಳ್ಳಲೇಬೇಕು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹರಳಯ್ಯನೂ ಮಾದಾರ ಧೂಳಯ್ಯನೂ ತೊಗಲ ಕಾಯಕದವರು. ಅವರ ಹೆಸರಿಗೆ ಸಮಾಜವು ಸಲ್ಲಿಸಿದ ಗೌರವವನ್ನು ಅವರ ಉಳಿಗೆ ಸಲ್ಲಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಈ ವಿದ್ಯೆ ಕೆಲವೇ ಕೇರಿಗಳಲ್ಲಿ, ತಂದೆಯಿಂದ ಮಗನಿಗೆ, ಕಣ್ಣಿನಿಂದ ಕೈಗೆ ಇಳಿದು ಬಂದಿತೇ ಹೊರತು ಪಾಠವಾಗಿ ಬರೆಯಲ್ಪಡಲಿಲ್ಲ. ಅದರ ಫಲವಾಗಿ ಇಂದು ಹೊರಗಿನಿಂದ ಬಂದ ಅಭ್ಯಾಸಿಗೆ ಕ್ರಮ ಹೇಳುವವರಿಲ್ಲ. ಯಂತ್ರದೊಡನೆ ಬರುವ ಪುಸ್ತಿಕೆಯಂತೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ನಾಲ್ಕು ತುಂಡು ತೊಗಲು ಕೆಟ್ಟೊಡನೆ ಹಲವರು ಕೈಬಿಡುತ್ತಾರೆ. ಕೆಟ್ಟುದು ಅವರ ಬುದ್ಧಿಯಲ್ಲ, ಪಾಠದ ಕ್ರಮ.

ಮೊದಲು ತಿಳಿಯತಕ್ಕದ್ದು ತೊಗಲಿನ ಸ್ವಭಾವ. ಬಟ್ಟೆ ನೂಲುಗಳ ಹೆಣಿಗೆ. ಸೂಜಿ ಹೊಕ್ಕರೆ ನೂಲು ಸರಿದು ದಾರಿ ಬಿಡುತ್ತದೆ, ಹೊಲಿಗೆ ಬಿಚ್ಚಿದರೆ ಮತ್ತೆ ಕೂಡಿಕೊಳ್ಳುತ್ತದೆ. ತೊಗಲಿನಲ್ಲಿ ಬಿದ್ದ ರಂಧ್ರ ಬಿದ್ದದ್ದೇ. ತಪ್ಪಿದ ಸಾಲನ್ನು ಬಿಚ್ಚಿ ಪಕ್ಕದಲ್ಲಿ ಇನ್ನೊಂದು ಸಾಲು ಹಾಕಿದರೆ, ಅಂಚೆ ಚೀಟಿಯ ಹಾಳೆಯಂತೆ ಆ ಜಾಗದಲ್ಲಿಯೇ ಅದು ಹರಿಯುತ್ತದೆ. ಹೊಲಿಗೆಗಳು ಬಹಳ ಒತ್ತೊತ್ತಾಗಿದ್ದರೂ ಇದೇ ಗತಿ. ಬಟ್ಟೆಗೆ ಸಣ್ಣ ಹೊಲಿಗೆ ಚೆಲುವಾದರೆ, ತೊಗಲಿಗೆ ಅಂಗುಲಕ್ಕೆ 6 ಅಥವಾ 7 ಹೊಲಿಗೆ ಸಾಕು. ಅಂದರೆ ಒಂದೊಂದು ಹೊಲಿಗೆ ಸುಮಾರು 4 ಮಿಲಿಮೀಟರ್. ಇದಲ್ಲದೆ ಒಂದೇ ಹದದ ತೊಗಲಿನಲ್ಲಿಯೂ ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಎಳೆತ ತಡೆಯಬೇಕಾದ ಪಟ್ಟಿಯನ್ನು ಬೆನ್ನಿನ ಉದ್ದಕ್ಕೆ ಕತ್ತರಿಸುವುದನ್ನು ಹಳೆಯ ಕೈಗಳು ಯಾವ ಪುಸ್ತಕವೂ ಇಲ್ಲದೆ ಬಲ್ಲವು. ಯಂತ್ರ ಕಲಿಯುವವನು ಮೊದಲು ಅಂತಹ ಕೈಯೊಂದರ ಪಕ್ಕದಲ್ಲಿ ಕುಳಿತು, ರಂಪಿಗೆಯಿಂದ ಅಂಚು ಸವರಿ ತೆಳುಗೊಳಿಸುವುದನ್ನು ಅಭ್ಯಾಸ ಮಾಡುವುದು ಲೇಸು.

ಇನ್ನು ಯಂತ್ರ. ಅಮೆರಿಕದ ಇಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಮೊನೆಯ ಬಳಿಯಲ್ಲಿತ್ತು; ಮೇಲಿನ ದಾರ, ಕೆಳಗಿನ ದಾರ ಎರಡೂ ಒಂದನ್ನೊಂದು ಹಿಡಿದುಕೊಳ್ಳುವ ಕ್ರಮ ಅದರದು. 1858ರಲ್ಲಿ ಲೈಮನ್ ಬ್ಲೇಕ್ ಎಂಬವನು ಬೂಟಿನ ಅಟ್ಟೆಯನ್ನು ಮೇಲ್ಭಾಗಕ್ಕೆ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದನು. ದರ್ಜಿಯ ಸಾಮಾನ್ಯ ಯಂತ್ರದಲ್ಲಿ ಬಟ್ಟೆಯನ್ನು ಮುಂದಕ್ಕೆ ತಳ್ಳುವುದು ಕೆಳಗಿನ ಹಲ್ಲು ಮಾತ್ರ. ದಪ್ಪ ತೊಗಲಿನ ಎರಡು ಪದರಗಳನ್ನು ಅದಕ್ಕೆ ಕೊಟ್ಟರೆ ಕೆಳಗಿನದು ಸಾಗುತ್ತದೆ, ಮೇಲಿನದು ಹಿಂದುಳಿಯುತ್ತದೆ. ಭಾರಿ ಯಂತ್ರದಲ್ಲಿ ಸೂಜಿಯೂ, ಅದರ ಪಕ್ಕದ ಒಳಪಾದವೂ, ಕೆಳಗಿನ ಹಲ್ಲೂ ಕೂಡಿಯೇ ಮುಂದೆ ಹೆಜ್ಜೆಯಿಡುತ್ತವೆ. ಪದರಗಳು ಜಾರದಿರುವುದರ ಗುಟ್ಟು ಇಷ್ಟೆ. ಮನೆಯ ಸಣ್ಣ ಯಂತ್ರಕ್ಕೆ ದೊಡ್ಡ ಮೋಟಾರು ಕಟ್ಟಿ ಭಾರಿ ಯಂತ್ರವೆಂದು ಮಾರುವವರ ಮಾತಿಗೆ ಮರುಳಾಗಬಾರದು.

ಸೂಜಿಯ ಆಯ್ಕೆಯಲ್ಲಿಯೇ ಅರ್ಧ ವಿದ್ಯೆ ಅಡಗಿದೆ. ಈ ಬಗೆಯ ಬಹಳಷ್ಟು ಯಂತ್ರಗಳಿಗೆ ಹೊಂದುವ 135×16 ಮತ್ತು 135×17 ಎಂಬ ಎರಡು ಜಾತಿಗಳು ಉದ್ದದಲ್ಲಿ ಒಂದೇ, ಭೇದವಿರುವುದು ಮೊನೆಯಲ್ಲಿ. ಮೊದಲನೆಯದರ ಮೊನೆ ತೊಗಲನ್ನು ಕೊಯ್ದು ಸಾಗುವಂತಹದು, ಎರಡನೆಯದರದು ಬಟ್ಟೆಗೆ ತಕ್ಕಂತೆ ದುಂಡಗಿನದು. ಸೂಜಿಯ ಮೇಲಿನ 110 ಎಂಬ ಅಂಕೆ ಅದರ ದಪ್ಪ 1.10 ಮಿಲಿಮೀಟರ್ ಎಂದು ಹೇಳುತ್ತದೆ. 69 ಸಂಖ್ಯೆಯ ನೈಲಾನ್ ದಾರಕ್ಕೆ ಈ ಸೂಜಿ ಸರಿ. ಅದರ ಇಮ್ಮಡಿ ತೂಕದ 138ರ ದಾರಕ್ಕೆ 140 ಅಥವಾ 160 ಬೇಕು. ದಾರಕ್ಕೆ ಸೂಜಿ ಸಣ್ಣದಾದರೆ ದಾರ ಎಳೆಎಳೆಯಾಗಿ ಹರಿಯುತ್ತದೆ, ದೊಡ್ಡದಾದರೆ ರಂಧ್ರ ಬಾಯಿ ತೆರೆದು ನಿಲ್ಲುತ್ತದೆ.

ಇಲ್ಲಿ ಭಾಷೆಯ ವಿಷಯವಾಗಿ ಒಂದು ಮಾತು ಅಪ್ರಸ್ತುತವಾಗದು. ಉಳಿ, ರಂಪಿಗೆ, ಅಟ್ಟೆ, ಬಾರು, ಮಿಣಿ ಎಂಬ ಶಬ್ದಗಳು ಕನ್ನಡದಲ್ಲಿ ಹಿಂದಿನಿಂದಲೂ ಇವೆ. ಬಾಬಿನ್, ಟೆನ್ಷನ್, ಮೋಟಾರು ಎಂಬವನ್ನು ದರ್ಜಿಗಳು ಎಂದೋ ಕನ್ನಡವಾಗಿಸಿಕೊಂಡಿದ್ದಾರೆ. ಟೆನ್ಷನ್ ತಿರುಪನ್ನು ‘ತನ್ಯತಾನಿಯಂತ್ರಕ’ವೆಂದು ಕರೆದು ಪಾಠ ಬರೆಯುವ ಪಾಂಡಿತ್ಯದಿಂದ ಅಭ್ಯಾಸಿಗೆ ಯಾವ ಉಪಕಾರವೂ ಆಗದು.

ಮೊದಲ ದಿನ ದಾರವೂ ಬೇಡ, ಮೋಟಾರೂ ಬೇಡ. ದಪ್ಪ ಕಾಗದದ ಮೇಲೆ ಗೆರೆ ಎಳೆದು, ಬಲಗಡೆಯ ಚಕ್ರವನ್ನು ಕೈಯಿಂದಲೇ ತಿರುಗಿಸಿ, ಗೆರೆಯ ಮೇಲೆ ರಂಧ್ರಗಳು ಬೀಳುವುದನ್ನು ನೋಡಬೇಕು. ಸೂಜಿ ಎಲ್ಲಿ ಕೆಳಮುಟ್ಟುತ್ತದೆ, ಪಾದ ಯಾವಾಗ ಏಳುತ್ತದೆ ಎಂಬುದು ಕಣ್ಣಿಗೆ ಒಗ್ಗುವುದು ಈ ನಿಧಾನದಲ್ಲಿ ಮಾತ್ರ. ಅನಂತರ ಮೋಟಾರು. ಹಳೆಯ ಬಗೆಯ ಕ್ಲಚ್ ಮೋಟಾರು ಹೊಲಿಗೆ ನಡೆಯಲಿ ಬಿಡಲಿ, ಸ್ವಿಚ್ ಹಾಕಿದೊಡನೆ ಪೂರ್ಣ ವೇಗದಲ್ಲಿ ಸುತ್ತುತ್ತದೆ. ಸ್ವಿಚ್ ತೆಗೆದ ಮೇಲೆಯೂ ಕೊಂಚ ಕಾಲ ಸುತ್ತುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವ ಮೊದಲು ಸೂಜಿಗೆ ದಾರ ಪೋಣಿಸಲು ಬೆರಳಿಡುವುದು ಅಪಾಯ. ಸರ್ವೋ ಮೋಟಾರಿನಲ್ಲಿ ವೇಗದ ಮಿತಿಯನ್ನು ಮೊದಲೇ ಕಟ್ಟಿಡಬಹುದು. ಹೊಸಬನಿಗೆ ಇದೇ ಹಿತ. ಕೈಯ ಚುರುಕಿಗಿಂತ ಕಾಲಿನ ಸಂಯಮವನ್ನು ಬೇಡುವ ವಿದ್ಯೆ ಇದು.

ಹೊಲಿಗೆ ಆರಂಭಿಸುವಾಗ ಎರಡೂ ದಾರಗಳ ತುದಿಗಳನ್ನು ಹಿಂದಕ್ಕೆ ಹಿಡಿದು ಎರಡು ಮೂರು ಹೊಲಿಗೆ ಸಾಗಿಸಬೇಕು. ಹಿಡಿಯದಿದ್ದರೆ ಕೆಳಗೆ ಹಕ್ಕಿಗೂಡಿನಂತೆ ದಾರ ಸಿಕ್ಕುಬೀಳುತ್ತದೆ. ಮೂಲೆಯಲ್ಲಿ ತಿರುಗಿಸುವುದು ಇದಕ್ಕಿಂತ ಕಠಿನ. ಸೂಜಿ ತೊಗಲಿನಲ್ಲಿಯೇ ಇರುವಂತೆ ನಿಲ್ಲಿಸಬೇಕೆಂದು ಎಲ್ಲರೂ ಹೇಳುತ್ತಾರೆ, ಅಷ್ಟೇ ಸಾಲದು. ಸೂಜಿ ತೀರ ಕೆಳಗೆ ಇಳಿದು ಮತ್ತೆ ಸುಮಾರು 2 ಮಿಲಿಮೀಟರ್ ಮೇಲೆದ್ದಾಗ ಅದರ ಬದಿಯಲ್ಲಿ ದಾರ ಸಣ್ಣ ಕುಣಿಕೆಯಾಗುತ್ತದೆ. ಕೆಳಗಿನ ಕೊಕ್ಕೆ ಆ ಕುಣಿಕೆಯನ್ನು ಹಿಡಿಯುವುದು ಆಗಲೇ. ಕೊಕ್ಕೆ ಹಿಡಿದ ಮೇಲೆ ಪಾದವನ್ನೆತ್ತಿ ತೊಗಲನ್ನು ತಿರುಗಿಸಿದರೆ ಹೊಲಿಗೆ ತಪ್ಪದು. ಅದಕ್ಕೂ ಮೊದಲೇ ತಿರುಗಿಸಿದರೆ ಕುಣಿಕೆ ಜಾರಿ, ಮೂಲೆಯ ಹೊಲಿಗೆಯೇ ಹಾರಿಹೋಗುತ್ತದೆ.

ಟೆನ್ಷನ್ ಸರಿಯಾಗಿದ್ದರೆ ಎರಡು ದಾರಗಳ ಕೂಡುಗಂಟು ತೊಗಲಿನ ದಪ್ಪದ ನಡುವೆ ಅಡಗುತ್ತದೆ. ಗಂಟು ಮೇಲೆ ಕಂಡರೆ ಮೇಲಿನ ದಾರ ಬಿಗಿ, ಅಡಿಯಲ್ಲಿ ಕುಣಿಕೆ ಜೋತರೆ ಅದು ಸಡಿಲ. ತಿರುಪಿಗೆ ಕೈಹಾಕುವ ಮುನ್ನ ದಾರವನ್ನು ಪೂರ್ತಿ ತೆಗೆದು, ಪಾದವನ್ನು ಎತ್ತಿಟ್ಟುಕೊಂಡು ಮತ್ತೆ ಪೋಣಿಸಿ ನೋಡಬೇಕು. ಪಾದ ಎತ್ತಿದಾಗ ಮಾತ್ರ ಟೆನ್ಷನ್ನಿನ ಬಿಲ್ಲೆಗಳು ಬಾಯಿ ತೆರೆದು ದಾರವನ್ನು ಒಳಗೆ ಕೂರಿಸಿಕೊಳ್ಳುತ್ತವೆ. ಹೊಸಬರ ದೂರುಗಳಲ್ಲಿ ಬಹುಪಾಲು ಇಷ್ಟರಲ್ಲಿಯೇ ಪರಿಹಾರವಾಗುವಂತಹವು.

ಯಂತ್ರದ ಹೊಲಿಗೆ ಕೈಹೊಲಿಗೆಗಿಂತ ಎಲ್ಲ ವಿಧದಲ್ಲಿಯೂ ಮೇಲೆಂದು ಭಾವಿಸತಕ್ಕದ್ದಲ್ಲ. ಜೀನಿನ ಕೈಹೊಲಿಗೆಯಲ್ಲಿ ಒಂದೊಂದು ರಂಧ್ರದಲ್ಲಿಯೂ ದಾರದ ಎರಡು ತುದಿಗಳು ಎದುರುಬದುರಾಗಿ ಹಾಯುತ್ತವೆ. ಒಂದು ಕಡೆ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಯಂತ್ರದಲ್ಲಿ ಮೇಲಿನದು ಹರಿದರೆ ಕೆಳಗಿನದಕ್ಕೆ ಆಸರೆಯಿಲ್ಲ. ಯಂತ್ರ ಕೊಡುವುದು ವೇಗವನ್ನು, ಸಮನಾದ ಸಾಲನ್ನು. ಬಹಳ ಎಳೆತ ಬೀಳುವ ಜಾಗವನ್ನು ಇಂದಿಗೂ ಕೈಯಿಂದಲೇ ಹೊಲಿಯುವ ಕುಶಲಿಗಳ ನಡೆ ವಿವೇಕದ್ದು.

ಮೊದಲ ಕೆಲಸವಾಗಿ ಪುಸ್ತಕದ ಚೀಲದ ಹೆಗಲಪಟ್ಟಿಯನ್ನು ಆರಿಸಿಕೊಳ್ಳಬಹುದು. ಎರಡು ಪದರ ತೊಗಲನ್ನು ಗುಂಡುಸೂಜಿಯಿಂದಲ್ಲ, ಅಂಟಿನಿಂದ ಕೂಡಿಸಿ ಪೂರ್ತಿ ಒಣಗಿಸಬೇಕು. ಹಸಿ ಅಂಟು ಸೂಜಿಗೆ ಮೆತ್ತಿ ಹೊಲಿಗೆಯನ್ನು ಕೆಡಿಸುತ್ತದೆ. ಯಂತ್ರಕ್ಕೆ ಎಣ್ಣೆ ಹಾಕಿದ ದಿನ ಮೊದಲು ಬೇಡದ ತುಂಡಿನ ಮೇಲೆ ಒಂದು ಸಾಲು ಓಡಿಸಿದರೆ ಪಟ್ಟಿಯ ಮೇಲೆ ಕಲೆ ಬೀಳದು. ಅಂಚಿನಿಂದ 4 ಮಿಲಿಮೀಟರ್ ಒಳಗೆ ಗೆರೆ ಹಾಕಿ, ಒಂದು ಬದಿಯಿಂದ ಹೊರಟು, ತುದಿಯಲ್ಲಿ ತಿರುಗಿ, ಇನ್ನೊಂದು ಬದಿಯಿಂದ ಬಂದು, ಆರಂಭದ ಎರಡು ಮೂರು ರಂಧ್ರಗಳಲ್ಲಿಯೇ ಮತ್ತೆ ಇಳಿದು ಮುಗಿಸುವುದು. ಮೇಲಿನ ದಾರವನ್ನು ಕೆಳಗೆ ಎಳೆದು, ಕತ್ತರಿಸಿ, ನೈಲಾನ್ ತುದಿಯನ್ನು ಬೆಂಕಿಗೆ ತೋರಿಸಿ ಒತ್ತಿದರೆ ಅದು ಬಿಚ್ಚಿಕೊಳ್ಳದು. ಬಳಿಕ ಪಟ್ಟಿಯನ್ನು ಎರಡೂ ಕೈಗಳಿಂದ ಜಗ್ಗಿ ಹಿಡಿದು ಬೆಳಕಿನಲ್ಲಿ ರಂಧ್ರಗಳನ್ನು ನೋಡಬೇಕು. ದಾರದ ಸುತ್ತ ಬೆಳಕು ಇಣುಕಿದರೆ ಸೂಜಿ ದಪ್ಪವಾಯಿತೆಂದು ತಿಳಿದು, ಒಂದು ಅಳತೆ ಸಣ್ಣದನ್ನು ಹಾಕಿ, ಮರುದಿನಕ್ಕೆ ಇನ್ನೊಂದು ಪಟ್ಟಿಯನ್ನು ಕತ್ತರಿಸಿಕೊಳ್ಳುವುದು.