ಹುಲ್ಲಿಗೂ ಗೇಣಿ ಕೊಡುವ ಸರ್ಕಾರ

ಸಹೋದರಿಯರೇ, ಬೆಳೆ ಬಿಟ್ಟು ಹುಲ್ಲು ಬೆಳೆಸಿದರೆ ಸರ್ಕಾರ ಹಣ ಕೊಡುತ್ತದೆ ಎಂದರೆ ನಂಬುವಿರಾ? ಅಮೆರಿಕದಲ್ಲಿ 1985ರ ಕಾಯ್ದೆಯಿಂದ ಬಂದ ‘ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ’ ಮಾಡುವುದು ಇದನ್ನೇ. ಮಣ್ಣು ಕೊಚ್ಚಿಹೋಗುವ ಜಮೀನಿಗೆ ರೈತರು 10ರಿಂದ 15 ವರ್ಷದ ಕರಾರು ಮಾಡಿಕೊಳ್ಳುತ್ತಾರೆ. ಎಕರೆಗೆ ಇಷ್ಟೆಂದು ವರ್ಷವರ್ಷ ಗೇಣಿ ಬರುತ್ತದೆ. ಅರ್ಜಿ ಕೊಡುವುದು ಕೌಂಟಿ ಕಚೇರಿಗೆ. ನಮ್ಮ ತಾಲ್ಲೂಕು ಕಚೇರಿ ಇದ್ದಂತೆ.

ಆದರೆ ಹುಲ್ಲು ಎದೆಮಟ್ಟ ನಿಂತರೂ ಅನುಮತಿಯಿಲ್ಲದೆ ಕೊಯ್ಯುವಂತಿಲ್ಲ, ದನ ಬಿಡುವಂತಿಲ್ಲ. ಕರಾರು ಮುರಿದು ರದ್ದಾದರೆ ಪಡೆದ ಹಣವನ್ನು ಬಡ್ಡಿಸಮೇತ ಹಿಂದಿರುಗಿಸಬೇಕು. ತೀವ್ರ ಬರ ಬಿದ್ದ ಕೌಂಟಿಗೆ ವಿನಾಯಿತಿ ಉಂಟು, ಆಗಲೂ ಮೊದಲು ಕೇಳಬೇಕು. ಮೇವಿಲ್ಲದೆ ಸೊರಗಿದ ಹಸುಗಳನ್ನು ನೋಡುವ ನನಗೆ ಇದು ಕಠಿಣವೆನಿಸಿತು. ಆದರೆ ಬುಡಮಟ್ಟ ಮೇಯ್ದ ಹುಲ್ಲು ಮಣ್ಣು ಹಿಡಿಯದು. ಗೇಣಿ ಕೊಡುವುದು ಬೇರಿಗೆ.

ನಿಮ್ಮ ಬದುವಿನ ಹುಲ್ಲು ಕೊಯ್ಯಲು ಯಾರ ಅನುಮತಿಯೂ ಬೇಡ. ಬುಡದಲ್ಲಿ ಅಂಗೈಯಗಲ ಬಿಟ್ಟು ಕೊಯ್ಯಿರಿ.