ಹೊರಡದ ಇ-ಮೇಲ್: ಕಾರಣ ಮತ್ತು ಪರಿಹಾರ

ನಮ್ಮ ಶಾಲೆಯ ಅಭ್ಯಾಸವನ್ನು ಮುಗಿಸಿ ವಿಶ್ವವಿದ್ಯಾಲಯಗಳನ್ನು ಸೇರುವ ವಿದ್ಯಾರ್ಥಿಗಳ ಪತ್ರವ್ಯವಹಾರವು ಇಂದು ಬಹುಮಟ್ಟಿಗೆ ಇ-ಮೇಲಿನಿಂದಲೇ ನಡೆಯುತ್ತದೆ. ವಿದ್ಯಾರ್ಥಿವೇತನದ ಅರ್ಜಿಯಾಗಲಿ, ಪ್ರಬಂಧದ ಪ್ರತಿಯಾಗಲಿ ಗೊತ್ತುಪಡಿಸಿದ ದಿನದೊಳಗೆ ತಲುಪಬೇಕು. ಬರುವ ಪತ್ರಗಳು ಸುಗಮವಾಗಿ ಬರುತ್ತಿದ್ದು, ನಾವು ಕಳುಹಿದುದು ಮಾತ್ರ ಔಟ್‌ಬಾಕ್ಸಿನಲ್ಲಿಯೇ ಉಳಿದುಬಿಟ್ಟರೆ ಒಂದು ವರ್ಷದ ಶ್ರಮವೇ ವ್ಯರ್ಥವಾದೀತು. ಆದುದರಿಂದ ಈ ದೋಷವನ್ನು ಕಂಡುಹಿಡಿಯುವ ಕ್ರಮವನ್ನು ಇಲ್ಲಿ ವಿವೇಚಿಸುವೆವು.

ಮೊದಲು ತಿಳಿಯಬೇಕಾದ ಅಂಶವೆಂದರೆ, ಪತ್ರ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಥಂಡರ್‌ಬರ್ಡ್, ಔಟ್‌ಲುಕ್ ಮೊದಲಾದ ತಂತ್ರಾಂಶಗಳು ಪತ್ರಗಳನ್ನು ಸಾಮಾನ್ಯವಾಗಿ ಐಮ್ಯಾಪ್ ಎಂಬ ನಿಯಮದಂತೆ ತರುತ್ತವೆ. ಎಸ್‌ಎಮ್‌ಟಿಪಿ ಎಂಬ ನಿಯಮದಂತೆ ಕಳುಹುತ್ತವೆ. ಒಂದು ಸರಿಯಿದ್ದ ಮಾತ್ರಕ್ಕೆ ಇನ್ನೊಂದು ಸರಿಯಿದೆಯೆಂದು ಭಾವಿಸಲಾಗದು.

ಎಸ್‌ಎಮ್‌ಟಿಪಿಯ ನಿಯಮಗಳನ್ನು ಅಮೆರಿಕದ ಜೊನಾಥನ್ ಪೋಸ್ಟೆಲ್ ಅವರು 1982ರಲ್ಲಿ ಪ್ರಕಟಿಸಿದರು. ಅದಕ್ಕೆ ಗೊತ್ತಾದ ಪೋರ್ಟ್, ಎಂದರೆ ಬಾಗಿಲಿನ ಸಂಖ್ಯೆ, 25. ಕಳುಹುವವನು ಯಾರೆಂದು ಪರೀಕ್ಷಿಸುವ ಏರ್ಪಾಡು ಆಗಿನ ನಿಯಮದಲ್ಲಿರಲಿಲ್ಲ. ಮುಂದೆ ಬೇಡದ ಜಾಹೀರಾತುಗಳನ್ನು ರಾಶಿರಾಶಿಯಾಗಿ ಹರಡುವವರು ಇದರ ದುರುಪಯೋಗ ಮಾಡಿಕೊಂಡರು. ಸಾವಿರಾರು ಯಂತ್ರಗಳಿರುವ ವಿಶ್ವವಿದ್ಯಾಲಯದಲ್ಲಿ ಒಂದೇ ಯಂತ್ರ ವೈರಸ್ಸಿಗೆ ತುತ್ತಾದರೂ ಇಡೀ ಸಂಸ್ಥೆಗೆ ಅಪಖ್ಯಾತಿ. ಆದಕಾರಣ ಅನೇಕ ವಿಶ್ವವಿದ್ಯಾಲಯಗಳು 25ನೆಯ ಬಾಗಿಲಿನಿಂದ ಹೊರಕ್ಕೆ ಹೋಗುವುದನ್ನು ತಡೆದಿವೆ. ಬಳಕೆದಾರರ ಪತ್ರಗಳಿಗಾಗಿಯೇ 587 ಎಂಬ ಬೇರೆ ಬಾಗಿಲು 1998ರಲ್ಲಿ ಗೊತ್ತಾಯಿತು. ಆರಂಭದಿಂದಲೇ ಗೂಢಲಿಪಿಯಲ್ಲಿ ಮಾತನಾಡುವ 465ನ್ನು 2018ರ ನಿಯಮವು ಶಿಫಾರಸು ಮಾಡಿತು.

ಇನ್ನು ಪರೀಕ್ಷೆಯ ಕ್ರಮ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸತಕ್ಕದ್ದು. ಹಲವನ್ನು ಒಮ್ಮೆಗೇ ಬದಲಿಸಿದರೆ ದೋಷವೆಲ್ಲಿತ್ತೆಂಬುದು ತಿಳಿಯದು.

1. ಅದೇ ಪತ್ರವನ್ನು ಮೊಬೈಲ್ ದೂರವಾಣಿಯ ಜಾಲದಿಂದ ಕಳುಹಿ ನೋಡಬೇಕು. ಅಲ್ಲಿ ಹೋಗಿ ಇಲ್ಲಿ ಹೋಗದಿದ್ದರೆ ವಿಶ್ವವಿದ್ಯಾಲಯದ ಜಾಲದಲ್ಲಿ ತಡೆಯಿದೆಯೆಂದು ಊಹಿಸಬಹುದು.

2. ಹೊರಹೋಗುವ ಸರ್ವರಿನ ಹೆಸರನ್ನು ಅಕ್ಷರಶಃ ಪರಿಶೀಲಿಸಬೇಕು. ಒಳಬರುವ ಸರ್ವರಿನ ಹೆಸರೇ ಇಲ್ಲಿಯೂ ಇರಬೇಕೆಂಬ ನಿಯಮವಿಲ್ಲ.

3. ಪೋರ್ಟ್ 25 ಎಂದಿದ್ದರೆ 587 ಅಥವಾ 465ಕ್ಕೆ ಬದಲಿಸಬೇಕು. 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್, 465ಕ್ಕೆ ಎಸ್‌ಎಸ್‌ಎಲ್/ಟಿಎಲ್‌ಎಸ್ ಎಂಬುದು ಸರಿಯಾದ ಜೋಡಿ. ಈ ಜೋಡಿ ತಪ್ಪಿದರೂ ಪತ್ರ ಹೊರಡದು.

4. ಹೊರಹೋಗುವ ಸರ್ವರಿಗೂ ಹೆಸರು ಮತ್ತು ಗುಪ್ತಪದವನ್ನು ಕೊಡಬೇಕು. ಅನೇಕ ಕಡೆ ಹೆಸರೆಂದರೆ ಪೂರ್ಣ ಇ-ಮೇಲ್ ವಿಳಾಸ. ಬರಿಯ ಹೆಸರು, ಸಾಮಾನ್ಯ ಗುಪ್ತಪದಗಳಿಂದ ಒಳಬರುತ್ತಿದ್ದ ಹಳೆಯ ತಂತ್ರಾಂಶಗಳನ್ನು ಗೂಗಲ್ ಸಂಸ್ಥೆಯು ವೈಯಕ್ತಿಕ ಖಾತೆಗಳಲ್ಲಿ 2022ರ ಮೇ ಕೊನೆಯಿಂದ ನಿಲ್ಲಿಸಿತು. ಅಂಥಲ್ಲಿ ಓಆತ್ ಎಂಬ ಪದ್ಧತಿಯನ್ನಾಗಲಿ, ಪ್ರತ್ಯೇಕವಾಗಿ ಪಡೆದ ಆ್ಯಪ್ ಪಾಸ್‌ವರ್ಡನ್ನಾಗಲಿ ಬಳಸಬೇಕು.

ಸರ್ವರು ಕೊಡುವ ಉತ್ತರವನ್ನು ಓದದೆ ಮುಚ್ಚುವುದು ಸಲ್ಲದು. 4ರಿಂದ ಮೊದಲಾಗುವ ಸಂಖ್ಯೆ ತಾತ್ಕಾಲಿಕ ಅಡಚಣೆಯನ್ನೂ 5ರಿಂದ ಮೊದಲಾಗುವುದು ಸ್ಪಷ್ಟ ನಿರಾಕರಣೆಯನ್ನೂ ತಿಳಿಸುತ್ತದೆ. 530 ಎಂದರೆ ಗುರುತನ್ನು ಮೊದಲು ಸ್ಥಾಪಿಸಿರೆಂದು. 535 ಎಂದರೆ ಕೊಟ್ಟ ಗುರುತು ಒಪ್ಪಿಗೆಯಾಗಲಿಲ್ಲವೆಂದು ಅರ್ಥ. ಯಾವ ಉತ್ತರವೂ ಬಾರದೆ ಕಾಲ ಮೀರಿದರೆ ಬಾಗಿಲು ಮುಚ್ಚಿದೆ ಅಥವಾ ಸರ್ವರಿನ ಹೆಸರು ತಪ್ಪಿದೆಯೆಂದು ಮೊದಲು ಶಂಕಿಸಬೇಕು.

ಒಂದು ಎಚ್ಚರಿಕೆಯ ಮಾತು. ಸರ್ವರಿನ ಪ್ರಮಾಣಪತ್ರ ಸರಿಯಿಲ್ಲವೆಂಬ ಸೂಚನೆ ಬಂದಾಗ ಅವಸರದಿಂದ ಅದನ್ನು ಅಂಗೀಕರಿಸಲಾಗದು. ಗೂಢಲಿಪಿಯನ್ನು ತೆಗೆದುಹಾಕುವುದಂತೂ ಕೂಡದು. ಗುಪ್ತಪದವು ಪರರ ಕೈಸೇರುವ ಅಪಾಯವುಂಟು. ಯಂತ್ರದ ದಿನಾಂಕ ತಪ್ಪಿದ್ದರೂ ಇಂಥ ಸೂಚನೆ ಬರುವುದರಿಂದ ಅದನ್ನು ಮೊದಲು ನೋಡಬೇಕು.

ಅವಧಿ ಮುಗಿಯುತ್ತಿದ್ದರೆ ಬ್ರೌಸರಿನಲ್ಲಿ ಖಾತೆಯನ್ನು ತೆರೆದು ಪತ್ರವನ್ನು ಕಳುಹಬಹುದು. ಆ ದಾರಿಗೆ ಈ ಬಾಗಿಲುಗಳ ತಡೆಯಿಲ್ಲ. ದೋಷದ ಶೋಧನೆ ಆಮೇಲೆ ನಡೆಯಲಿ. ಸ್ವಪ್ರಯತ್ನದಿಂದ ಪರಿಹಾರ ಸಿಗದಿದ್ದರೆ ವಿಶ್ವವಿದ್ಯಾಲಯದ ಗಣಕ ಕೇಂದ್ರಕ್ಕೆ ಸರ್ವರಿನ ಹೆಸರು, ಪೋರ್ಟ್, ದೋಷದ ಸಂಖ್ಯೆ, ಸಮಯ ಇವಿಷ್ಟನ್ನು ಬರೆದು ಕೊಡಬೇಕು. ಗುಪ್ತಪದವನ್ನು ಮಾತ್ರ ಯಾರಿಗೂ ಕೊಡಬಾರದು. ‘ಪತ್ರ ಹೋಗುತ್ತಿಲ್ಲ’ ಎಂಬ ದೂರಿಗಿಂತ ಇಂಥ ವಿವರ ಹೆಚ್ಚು ಪ್ರಯೋಜನಕಾರಿ. ಮಹತ್ವದ ಪತ್ರವನ್ನು ಕಳುಹಿದ ಬಳಿಕ ಔಟ್‌ಬಾಕ್ಸ್ ಬರಿದಾಯಿತೇ ಎಂದು ನೋಡುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಇಂದಿನಿಂದಲೇ ರೂಢಿಸಿಕೊಳ್ಳಲೆಂದು ಹಾರೈಸುತ್ತೇವೆ.